ಸೀನು ಬಂದಾಗ ಮೈ ನಮ್ಮ ಮಾತು ಯಾಕೆ ಕೇಳಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನಲ್ಲಿ ಸೀನಿಗೆ ಕಾರಣಗಳ ಬರ ಇಲ್ಲ. ಮಳೆಗಾಲದ ಬೂಸ್ಟು, ಅಟ್ಟದ ಧೂಳು, ಚಾಲಿ (ಒಣಗಿಸಿದ ಅಡಿಕೆ) ಸುಲಿಯುವಾಗ ಏಳುವ ಪುಡಿ, ಒಗ್ಗರಣೆಯ ಘಾಟು. ಹಾಗಾಗಿ ಪ್ರಶ್ನೆಗಳೂ ಬರುತ್ತಲೇ ಇರುತ್ತವೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯ ಶಾಲೆ ಮಕ್ಕಳು, ಅವರ ಅಮ್ಮಂದಿರು, ತೋಟದ ಕೆಲಸದವರು ಮಾತಿನ ನಡುವೆ, ಪತ್ರಗಳಲ್ಲಿ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಆಳದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಳ್ಳಬಹುದು.

## ಮೊದಲಿಗೆ ಬರುವ ಪ್ರಶ್ನೆಗಳು

ಸೀನು ಬರುವಾಗ ಮೈ ನಮ್ಮ ಮಾತೇ ಕೇಳಲ್ಲವಲ್ಲ, ಎಂತಕ್ಕೆ?

ಸೀನಬೇಕೋ ಬೇಡವೋ ಎಂಬ ತೀರ್ಮಾನ ನಾವು ಯೋಚನೆ ಮಾಡುವ ಜಾಗಕ್ಕೆ ಹೋಗುವುದೇ ಇಲ್ಲ, ಅದಕ್ಕೆ. ಮೂಗಿನ ಒಳಪದರದಲ್ಲಿ ತುಂಬಾ ಸೂಕ್ಷ್ಮವಾದ ನರದ ತುದಿಗಳಿವೆ. ಧೂಳೋ, ಘಾಟೋ, ನೆಗಡಿಯ ಊತವೋ, ಏನೇ ತಗುಲಿದರೂ ಅವು ಸುದ್ದಿ ಕಳಿಸುತ್ತವೆ. ಸುದ್ದಿ ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ತಲೆಯಲ್ಲಿರುವ 12 ಜೋಡಿ ನರಗಳಲ್ಲಿ ಇದು 5ನೆಯದು. ಮುಖದ ನೋವು, ತುರಿಕೆ, ಸ್ಪರ್ಶ ಎಲ್ಲ ಮಿದುಳಿಗೆ ಮುಟ್ಟುವುದು ಇದರಿಂದಲೇ.

ಸುದ್ದಿ ಹೋಗಿ ಸೇರುವುದು ಮಿದುಳಿನ ಕಾಂಡದ ಕೆಳಭಾಗವಾದ ಮೆಡುಲ್ಲಾಗೆ. ಉಸಿರಾಟ, ನುಂಗುವುದು, ಕೆಮ್ಮು, ವಾಂತಿ ಎಲ್ಲವನ್ನೂ ನೋಡಿಕೊಳ್ಳುವ ಜಾಗ ಅದು. ಸುದ್ದಿ ಒಂದು ಮಟ್ಟ ದಾಟಿತು ಅಂದರೆ ಅಲ್ಲಿಂದ ಒಟ್ಟೊಟ್ಟಿಗೆ ಆಜ್ಞೆಗಳು ಹೊರಡುತ್ತವೆ. ಮೊದಲು ಆಳವಾಗಿ ಉಸಿರು ಒಳಗೆ ಹೋಗುತ್ತದೆ. ಆಮೇಲೆ ಗಂಟಲಿನ ಧ್ವನಿಪೆಟ್ಟಿಗೆಯ ಬಾಗಿಲು ಮುಚ್ಚುತ್ತದೆ. ಹೊಟ್ಟೆ, ಪಕ್ಕೆಲುಬಿನ ಸ್ನಾಯುಗಳು ಬಿಗಿಯುತ್ತವೆ. ಅಡಿಕೆಗೆ ಔಷಧಿ ಹೊಡೆಯುವ ಪಂಪಿನಲ್ಲಿ ಗನ್ ಮುಚ್ಚಿಟ್ಟು ಒತ್ತಡ ಏರಿಸುತ್ತಾರಲ್ಲ, ಹಾಗೆ ಎದೆಯೊಳಗೆ ಗಾಳಿಯ ಒತ್ತಡ ಏರುತ್ತದೆ. ಆಮೇಲೆ ಬಾಗಿಲು ಒಮ್ಮೆಲೇ ತೆರೆದು, ಗಾಳಿ ಬಾಯಿ ಮತ್ತು ಮೂಗಿನಿಂದ ನುಗ್ಗುತ್ತದೆ.

ಅದೇ ಹೊತ್ತಿಗೆ ಕಣ್ಣು ಮುಚ್ಚುತ್ತದೆ, ಮುಖ ಹಿಂಡಿಕೊಳ್ಳುತ್ತದೆ, ಕಣ್ಣಲ್ಲಿ ಮೂಗಲ್ಲಿ ನೀರು ಬರುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ. ಇಷ್ಟೆಲ್ಲ ಮುಗಿಯುವುದಕ್ಕೆ ಕೆಲವೇ ಸೆಕೆಂಡು ಸಾಕು. ಕೆಂಡ ಮುಟ್ಟಿದ ಕೈಯನ್ನು ಯೋಚಿಸುವ ಮೊದಲೇ ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಇದೂ ಅದೇ ಜಾತಿಯ ಪ್ರತಿಕ್ರಿಯೆ. ಶ್ವಾಸಕೋಶದ ದಾರಿಯನ್ನು ಕಾಯುವ ಕೆಲಸ ನಮ್ಮ ಒಪ್ಪಿಗೆಗೆ ಕಾಯುತ್ತಾ ಕೂತರೆ ಆಗದು.

ಬೇಕು ಅಂತ ಸೀನಬಹುದಾ?

ಆಗುವುದಿಲ್ಲ. ಬೇಕೆಂದಾಗ ಕೆಮ್ಮಬಹುದು, ಸೀನಿದ ಹಾಗೆ ಸದ್ದನ್ನೂ ಮಾಡಬಹುದು. ನಿಜವಾದ ಸೀನು ಬರಬೇಕಾದರೆ ಮೂಗಿನ ನರ ಕೆಣಕಬೇಕು. ಬತ್ತಿ ಮಾಡಿ ಮೂಗಿಗೆ ಹಾಕಿಕೊಳ್ಳುವವರು ಮಾಡುವುದು ಅದನ್ನೇ.

ಕಣ್ಣು ಮುಚ್ಚದೆ ಸೀನಿದರೆ ಗುಡ್ಡೆ ಹೊರಗೆ ಬರತ್ತಂತೆ, ಹೌದಾ?

ಮಕ್ಕಳು ತಪ್ಪದೇ ಕೇಳುವ ಪ್ರಶ್ನೆ ಇದು. ಹೆದರಬೇಡಿ, ಬರುವುದಿಲ್ಲ. ಕಣ್ಣುಗುಡ್ಡೆಯನ್ನು ಸುತ್ತ 6 ಸ್ನಾಯುಗಳು ಹಿಡಿದುಕೊಂಡಿವೆ. ಮೂಗಿನ ಗಾಳಿಗೂ ಗುಡ್ಡೆಯ ಹಿಂದಿನ ಜಾಗಕ್ಕೂ ನೇರ ದಾರಿ ಇಲ್ಲ. ಪ್ರಯತ್ನಪಟ್ಟು ಕಣ್ಣು ತೆರೆದುಕೊಂಡೇ ಸೀನುವವರೂ ಇದ್ದಾರೆ, ಅವರ ಕಣ್ಣಿಗೆ ಏನೂ ಆಗಿಲ್ಲ. ಸೀನಿನ ಆಜ್ಞೆ ಮುಖದ ಸ್ನಾಯುಗಳಿಗೆ ಹೋಗುವಾಗ ರೆಪ್ಪೆ ಮುಚ್ಚುವ ಸ್ನಾಯುವಿಗೂ ಹೋಗುತ್ತದೆ, ಕಣ್ಣು ಮುಚ್ಚುವುದು ಅದರಿಂದ. ಹೊರಗೆ ಹಾರಿದ ಹನಿ ಕಣ್ಣಿಗೆ ಬೀಳದಂತೆ ಇದು ಕಾಪಾಡುತ್ತದೆ ಎಂದು ಹಲವರು ಹೇಳುತ್ತಾರೆ. ಅದು ಊಹೆ ಅಷ್ಟೇ.

ಸೀನಿದಾಗ ಹೃದಯ ಒಂದು ಕ್ಷಣ ನಿಲ್ಲತ್ತೆ, ಅದಕ್ಕೇ "ನೂರು ವರ್ಷ" ಅನ್ನೋದು ಅಂತಾರೆ. ನಿಜನಾ?

ಹೃದಯ ನಿಲ್ಲುವುದಿಲ್ಲ. ಸೀನುವ ಮೊದಲು ಎದೆಯೊಳಗೆ ಒತ್ತಡ ಏರಿದಾಗ ಹೃದಯಕ್ಕೆ ವಾಪಸು ಬರುವ ರಕ್ತ ಸ್ವಲ್ಪ ಹೊತ್ತು ಕಡಿಮೆಯಾಗುತ್ತದೆ. ಗಾಳಿ ಹೊರಗೆ ಹೋದ ಕೂಡಲೇ ರಕ್ತ ಮತ್ತೆ ನುಗ್ಗುತ್ತದೆ. ಇದಕ್ಕೆ ಹೊಂದಿಕೊಳ್ಳಲು ಬಡಿತದ ಲಯ ಒಂದೆರಡು ಬಡಿತದ ಮಟ್ಟಿಗೆ ಬದಲಾಗಬಹುದು. "ಒಂದು ಬಡಿತ ತಪ್ಪಿತು" ಅನ್ನಿಸುವುದು ಆಗಲೇ. ಮಗು ಸೀನಿದಾಗ ಅಜ್ಜಿ "ನೂರು ವರ್ಷ ಬಾಳು ಮಗಾ" ಅನ್ನುವುದು ಚೆಂದದ ರೂಢಿ. ಅದಕ್ಕೆ ಹೃದಯ ನಿಂತ ಕಾರಣ ಬೇಕಿಲ್ಲ.

ಬಂತು ಬಂತು ಅಂತ ಬಾಯಿ ತೆರೆದು ನಿಂತಾಗಲೇ ಸೀನು ಓಡಿಹೋಗತ್ತೆ. ಅದು ಎಲ್ಲಿಗೆ ಹೋಗತ್ತೆ?

ಸೀನಿಗೆ ಎರಡು ಹಂತ. ಮೊದಲನೆಯದರಲ್ಲಿ ಮೂಗಿನಿಂದ ಸುದ್ದಿ ಬಂದು ಮೆಡುಲ್ಲಾದಲ್ಲಿ ಕೂಡುತ್ತಾ ಹೋಗುತ್ತದೆ. ಆಗ ಕಚಗುಳಿ ಇಟ್ಟ ಹಾಗೆ ಆಗುತ್ತದೆ, ಉಸಿರು ಎಳೆದುಕೊಳ್ಳಲು ಶುರುವಾಗುತ್ತದೆ. ಕೂಡಿದ್ದು ಮಟ್ಟ ದಾಟಿದರೆ ಮಾತ್ರ ಎರಡನೆಯ ಹಂತ. ದಾಟದಿದ್ದರೆ ಅಲ್ಲಿಗೇ ಕರಗುತ್ತದೆ. ಗಂಟೆಗಟ್ಟಲೆ ಒಳಗೆ ಅವಿತುಕೊಂಡು ಇರುವುದಿಲ್ಲ.

ಮನೆಯಿಂದ ಹೊರಡುವಾಗ ಒಂಟಿ ಸೀನು ಕೇಳಿದರೆ ಕೂತು ನೀರು ಕುಡಿದು ಹೋಗಬೇಕಾ?

ಕೂತು ನೀರು ಕುಡಿದರೆ ನಷ್ಟ ಏನಿಲ್ಲ. ಆದರೆ ಒಂದು ಸೀನು ಕೆಟ್ಟದ್ದು, ಜೋಡಿ ಸೀನು ಒಳ್ಳೆಯದು ಅನ್ನುವುದಕ್ಕೆ ಮೈಯೊಳಗೆ ಯಾವ ಆಧಾರವೂ ಇಲ್ಲ. ಮೊದಲ ಸೀನಿಗೆ ಮೂಗಿನ ಕಿರಿಕಿರಿ ಹೋಗದಿದ್ದರೆ ಎರಡನೆಯದು ಬರುತ್ತದೆ, ಅಷ್ಟೇ. ನನ್ನ ಬೇಡಿಕೆ ಒಂದೇ. ಪರೀಕ್ಷೆಗೆ ಹೊರಟ ಮಗುವನ್ನು, ಆಸ್ಪತ್ರೆಗೆ ಹೊರಟ ರೋಗಿಯನ್ನು ಸೀನಿನ ಕಾರಣಕ್ಕೆ ತಡೆದು ಕೂರಿಸಬೇಡಿ. ಸೀನಿದ ಸೊಸೆಯನ್ನೋ ಅಜ್ಜನನ್ನೋ ದೂರುವುದು ಇನ್ನೂ ತಪ್ಪು. ತಮ್ಮ ಕೈಯಲ್ಲಿಲ್ಲದ್ದಕ್ಕೆ ಅವರು ಹೊಣೆಯಾಗುವುದು ಹೇಗೆ?

ನಿದ್ದೆಯಲ್ಲಿ ಯಾಕೆ ಸೀನು ಬರಲ್ಲ?

ಗಾಢ ಕನಸಿನ ನಿದ್ದೆಯಲ್ಲಿ ಮಿದುಳು ಮೈಯ ಬಹುಪಾಲು ಸ್ನಾಯುಗಳನ್ನು ಸಡಿಲ ಬಿಟ್ಟಿರುತ್ತದೆ. ಸೀನಿನಂಥ ಪ್ರತಿಕ್ರಿಯೆಗಳೂ ಆಗ ತಗ್ಗಿರುತ್ತವೆ. ಮೂಗಿಗೆ ಜೋರಾಗಿ ಏನಾದರೂ ಕೆಣಕಿದರೆ ಮೊದಲು ಎಚ್ಚರವಾಗುತ್ತದೆ, ಆಮೇಲೆ ಸೀನು ಬರುತ್ತದೆ.

## ಮನೆ, ಅಡುಗೆಮನೆ, ತೋಟ

ಕತ್ತಲೆ ನಡುಮನೆಯಿಂದ ಅಂಗಳದ ಬಿಸಿಲಿಗೆ ಬಂದ ಕೂಡಲೇ ನಂಗೆ ಸೀನು. ನಮ್ಮ ಅಪ್ಪನಿಗೂ ಹಾಗೇ. ಇದೆಂತ ಕಾಯಿಲೆ?

ಕಾಯಿಲೆಯೇನೂ ಅಲ್ಲ. ಬೇರೆ ಬೇರೆ ಅಧ್ಯಯನಗಳ ಪ್ರಕಾರ ನೂರರಲ್ಲಿ 18ರಿಂದ 35 ಜನಕ್ಕೆ ಹೀಗಾಗುತ್ತದೆ. ಜೋರು ಬೆಳಕು ಕಣ್ಣಿಗೆ ಬಿದ್ದ ಕೂಡಲೇ ಒಂದೋ ಎರಡೋ ಮೂರೋ ಸೀನು, ಆಮೇಲೆ ಸುಮ್ಮನಾಗುತ್ತದೆ. ವಂಶದಲ್ಲಿ ಹರಿಯುವ ಗುಣ ಇದು. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ನಿಮ್ಮ ಅಪ್ಪನಿಂದ ನಿಮಗೆ ಬಂದಿರುವುದು ಹೀಗೆ.

ಇದರ ಬಗ್ಗೆ ಕುತೂಹಲ ತುಂಬಾ ಹಳೆಯದು. ಬಿಸಿಲಿನ ಶಾಖವೇ ಸೀನು ತರಿಸುತ್ತದೆ ಎಂದು ಪ್ರಾಚೀನ ಗ್ರೀಕರು ಅಂದುಕೊಂಡಿದ್ದರು. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಕಣ್ಣು ಮುಚ್ಚಿಕೊಂಡು ಬಿಸಿಲಿಗೆ ಮುಖ ಒಡ್ಡಿ ನೋಡಿದರು. ಸೀನು ಬರಲಿಲ್ಲ. ಶಾಖ ಹಾಗೇ ಇತ್ತು, ಬೆಳಕು ಮಾತ್ರ ಕಣ್ಣಿಗೆ ಹೋಗಿರಲಿಲ್ಲ. ಯಾವ ಖರ್ಚೂ ಇಲ್ಲದ ಎಷ್ಟು ಒಳ್ಳೆಯ ಪ್ರಯೋಗ ನೋಡಿ! ನಿಮ್ಮ ಅಂಗಳದಲ್ಲೇ ನೀವೂ ಮಾಡಬಹುದು. ಸೂರ್ಯನನ್ನು ಮಾತ್ರ ದಿಟ್ಟಿಸಬೇಡಿ, ಕಣ್ಣಿನ ಪರದೆ ಸುಟ್ಟುಹೋಗುತ್ತದೆ.

ಕಣ್ಣಿನ ಸುದ್ದಿ ಒಯ್ಯುವ ನರವೂ ಮೂಗಿನ ಸುದ್ದಿ ಒಯ್ಯುವ ಟ್ರೈಜೆಮಿನಲ್ ನರವೂ ಮಿದುಳಿನಲ್ಲಿ ಹತ್ತಿರ ಹತ್ತಿರ ಹಾಯುತ್ತವೆ. ಕೆಲವರಲ್ಲಿ ಬೆಳಕಿನ ಸುದ್ದಿಯೇ ಮೂಗಿನ ದಾರಿಗೂ ದಾಟಿಬಿಡುತ್ತದೆ ಎಂಬುದು ಈಗಿನ ಮುಖ್ಯ ವಿವರಣೆ. ತಂಪು ಕನ್ನಡಕ, ಅಂಚಿನ ಟೊಪ್ಪಿ ಹಾಕಿದರೆ ಸಾಕಷ್ಟು ಕಡಿಮೆಯಾಗುತ್ತದೆ. ಕಣ್ಣಿನ ಆಪರೇಷನ್ ಇದ್ದರೆ ಡಾಕ್ಟರಿಗೆ ಈ ವಿಷಯ ಮೊದಲೇ ಹೇಳಿ. ಇಂಥವರಿಗೆ ಕಣ್ಣಿನ ಸುತ್ತ ಅರಿವಳಿಕೆ ಚುಚ್ಚುವಾಗಲೂ ಸೀನು ಬರುವುದುಂಟು.

ಒಗ್ಗರಣೆ ಘಾಟಿಗೆ ಮನೆಯವರೆಲ್ಲ ಸೀನುತ್ತಾರೆ. ಕಾಳುಮೆಣಸು, ಸೀಗೆಪುಡಿಗೂ ಹಾಗೇ. ಇದೂ ಅಲರ್ಜಿನಾ?

ಇದು ನೇರವಾಗಿ ಕೆಣಕುವುದು, ಅಲರ್ಜಿ ಬೇರೆ. ಒಣಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್, ಕಾಳುಮೆಣಸಿನ ಖಾರ ಪೈಪರಿನ್. ಎರಡೂ ನೋವು ಮತ್ತು ಉರಿಯನ್ನು ತಿಳಿಸುವ ನರದ ತುದಿಗಳನ್ನೇ ಎಬ್ಬಿಸುತ್ತವೆ. ಅದಕ್ಕೇ ಘಾಟು ಎದ್ದಾಗ ಮನೆಯಲ್ಲಿ ಇರುವವರೆಲ್ಲ ಒಟ್ಟಿಗೆ ಸೀನುವುದು. ಅಲರ್ಜಿ ಆಗಿದ್ದರೆ ಒಬ್ಬರಿಗೋ ಇಬ್ಬರಿಗೋ ಆಗುತ್ತಿತ್ತು. ಸೀಗೆಯ ಪುಡಿಯಲ್ಲಿ ನೊರೆ ಬರಿಸುವ ಸಪೋನಿನ್ ಎಂಬ ವಸ್ತು ಇದೆ, ಅದು ಮೂಗಿನ ಪದರಕ್ಕೆ ಉರಿ ಕೊಡುತ್ತದೆ. ಸೀಗೆ ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದ ಅಜ್ಜಿಯರ ಕ್ರಮ ಸರಿಯಾದದ್ದೇ.

ಮಳೆಗಾಲದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಹತ್ತು ಹದಿನೈದು ಸೀನು. ಸ್ನಾನ ತಿಂಡಿ ಆಗೋ ಹೊತ್ತಿಗೆ ಸರಿಹೋಗತ್ತೆ. ಎಂತ ಮಾಡೋದು?

ನಮ್ಮ ಕಡೆ ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಸಾಮಾನ್ಯವಾಗಿ ಇದು ಅಲರ್ಜಿ, ಅದರ ಮೂಲ ಹಾಸಿಗೆಯಲ್ಲೇ ಇರುತ್ತದೆ. ಹಾಸಿಗೆ ದಿಂಬಿನಲ್ಲಿ ಧೂಳಿನ ನುಸಿ ಎಂಬ ಸಣ್ಣ ಜೀವಿಗಳು ಇರುತ್ತವೆ. ಒಂದು ಮಿಲಿಮೀಟರಿನ ಮೂರರಲ್ಲೊಂದು ಪಾಲೂ ಇಲ್ಲ, ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅವುಗಳ ಆಹಾರ. ಅವು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತವೆ. ಆಗುಂಬೆ, ಹುಲಿಕಲ್ ಕಡೆಯ ಮಳೆಗಾಲದಲ್ಲಿ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ. ಆ ತೇವ ಅವುಗಳಿಗೆ ಹಬ್ಬ. ಗೋಡೆಗೆ, ಚಪ್ಪಲಿಗೆ, ಪುಸ್ತಕಕ್ಕೆ ಹಿಡಿಯುವ ಬೂಸ್ಟಿನ ಬೀಜಕಣಗಳೂ ಜೊತೆಗೆ ಸೇರುತ್ತವೆ.

ಅಲರ್ಜಿ ಇರುವವರ ಮೂಗಿನಲ್ಲಿ ಕೆಲವು ಜೀವಕೋಶಗಳು ಮದ್ದು ತುಂಬಿಕೊಂಡು ಕಾದಿರುತ್ತವೆ. ನುಸಿಯ ಹಿಕ್ಕೆಯ ಕಣ ತಾಗಿದ ಕೂಡಲೇ ಅವು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಯುತ್ತವೆ. ಅದು ನರದ ತುದಿಗೆ ತುರಿಕೆ ಕೊಟ್ಟು ಸೀನು ತರಿಸುತ್ತದೆ, ರಕ್ತನಾಳದಿಂದ ನೀರು ಸೋರಿಸುತ್ತದೆ. ರಾತ್ರಿಯಿಡೀ ಮುಖ ದಿಂಬಿಗೆ ಒತ್ತಿದ್ದವರಿಗೆ ಬೆಳಿಗ್ಗೆ ಸೀನಿನ ಸರಮಾಲೆ ಬರುವುದು ಹೀಗೆ.

ಮಾಡಬೇಕಾದ್ದು ಹೀಗಿದೆ. ಹೊದಿಕೆ, ದಿಂಬಿನ ಚೀಲವನ್ನು ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. 60 ಡಿಗ್ರಿ ಮುಟ್ಟಿದರೆ ನುಸಿ ಸಾಯುತ್ತದೆ. ಬಚ್ಚಲ ಒಲೆಯ ಹಂಡೆ ನೀರು ಅಷ್ಟು ಬಿಸಿ ಆಗಿಯೇ ಇರುತ್ತದೆ, ಕೈ ಸುಟ್ಟುಕೊಳ್ಳಬೇಡಿ ಅಷ್ಟೇ. ಮಳೆ ಹೊಳವಾದ ದಿನ ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಹಳೇ ಹತ್ತಿ ದಿಂಬು ಬದಲಿಸಿ. ಪೊರಕೆ ಹಾಕುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಬೂಸ್ಟನ್ನು ಒಣಗಿದಾಗ ಕೊಡವಬೇಡಿ, ಒದ್ದೆ ಮಾಡಿ ಒರೆಸಿ. ಇಷ್ಟಕ್ಕೂ ಬಗ್ಗದಿದ್ದರೆ ಡಾಕ್ಟರು ಕೊಡುವ ಮೂಗಿನ ಸ್ಪ್ರೇ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ದಿನಾ ಹಾಕಬೇಕು. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು. ಎರಡು ದಿನ ಹಾಕಿ ಬಿಟ್ಟರೆ ಪ್ರಯೋಜನ ಇಲ್ಲ.

ಸೀನಿಗೆ ಅಂಗಡಿಯಲ್ಲಿ ಕೊಡುವ ಮಾತ್ರೆ ನುಂಗಿ ತೋಟಕ್ಕೆ ಹೋಗಬಹುದಾ?

ದಯವಿಟ್ಟು ಬೇಡ. ಹಿಸ್ಟಮಿನ್ ತಡೆಯುವ ಮಾತ್ರೆಗಳಲ್ಲಿ ಹಳೆಯವು, ಅದರಲ್ಲೂ ಕ್ಲೋರ್‌ಫೆನಿರಮಿನ್, ಚೆನ್ನಾಗಿ ನಿದ್ದೆ ಬರಿಸುತ್ತವೆ. ಸೆಟಿರಿಜಿನ್ ಕೂಡ ಕೆಲವರಿಗೆ ಮಂಪರು ತರುತ್ತದೆ. ಕೊನೆ ಕೊಯ್ಯಲು, ಔಷಧಿ ಹೊಡೆಯಲು ಅಡಿಕೆ ಮರ ಹತ್ತುವವರು ಇವನ್ನು ನುಂಗಿ ಹತ್ತಲೇಬಾರದು. ಬೈಕು, ಟಿಲ್ಲರ್, ಕಳೆ ಕತ್ತರಿಸುವ ಯಂತ್ರಕ್ಕೂ ಇದೇ ಮಾತು. ನಿದ್ದೆ ಕಡಿಮೆ ಬರಿಸುವ ಮಾತ್ರೆಗಳಿವೆ, ಡಾಕ್ಟರಿಗೆ ನಿಮ್ಮ ಕೆಲಸ ಏನು ಅಂತ ಹೇಳಿ ಕೇಳಿ.

ಚಾಲಿ ಸುಲಿಯೋ ದಿನಗಳಲ್ಲಿ ಇಡೀ ದಿನ ಸೀನು. ಟವೆಲ್ ಕಟ್ಟಿಕೊಂಡರೆ ಸಾಕಾ?

ದಪ್ಪ ಧೂಳಿಗೆ ಸಾಕು, ಸಣ್ಣ ಪುಡಿಗೆ ಸಾಲದು. ಒಣಗಿದ ಸಿಪ್ಪೆಯ ನಾರು, ಅದಕ್ಕೆ ಹಿಡಿದ ಬೂಸ್ಟು ಎರಡೂ ಗಾಳಿಗೆ ಏಳುತ್ತವೆ. ಎನ್-95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತರೆ ಒಳ್ಳೆಯ ರಕ್ಷಣೆ. ಸುಲಿಯುವ ಯಂತ್ರವನ್ನು ಕೊಟ್ಟಿಗೆಯ ಮೂಲೆಯಲ್ಲಿ ಇಡದೆ ಗಾಳಿ ಹಾಯುವಲ್ಲಿ ಇಡಿ, ಗಾಳಿಗೆ ಬೆನ್ನು ಕೊಟ್ಟು ಕೂತುಕೊಳ್ಳಿ. ಸೀನಿನ ಜೊತೆ ಎದೆ ಬಿಗಿತವೂ ಸುಂಯ್ ಸದ್ದೂ ಶುರುವಾದರೆ ಆ ಕೆಲಸ ನಿಲ್ಲಿಸಿ ಡಾಕ್ಟರನ್ನು ನೋಡಿ.

ನೆಗಡಿನಾ ಅಲರ್ಜಿನಾ ಅಂತ ಮನೆಯಲ್ಲೇ ಗೊತ್ತು ಮಾಡೋದು ಹೇಗೆ?

ಮೂಗು, ಕಣ್ಣು, ಬಾಯಿಯ ಅಂಗುಳ ತುರಿಸುತ್ತಿದ್ದು, ನೀರಿನಂಥ ಸಿಂಬಳ ಸುರಿಯುತ್ತಾ, ಜ್ವರ ಇಲ್ಲದೆ ವಾರಗಟ್ಟಲೆ ನಡೆದರೆ ಅಲರ್ಜಿ ಇರಬಹುದು. ಗಂಟಲು ಕೆರೆತ, ಮೈಕೈ ನೋವು, ಸಣ್ಣ ಜ್ವರ ಬಂದು ಒಂದು ವಾರ ಹತ್ತು ದಿನದಲ್ಲಿ ವಾಸಿಯಾದರೆ ನೆಗಡಿ. ಸಿಂಬಳ ಹಳದಿಯಾದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕು ಅಂತಲ್ಲ. ನೆಗಡಿ ಬರುವುದು ವೈರಸ್ಸಿನಿಂದ, ಅದಕ್ಕೆ ಆ ಮಾತ್ರೆ ನಾಟುವುದಿಲ್ಲ.

ಹಬ್ಬದ ಊಟ ಮುಗಿಸಿ ಎದ್ದ ಕೂಡಲೇ ನಮ್ಮ ಭಾವನಿಗೆ ಸಾಲಾಗಿ ಸೀನು. ಪಾಯಸದ ದೋಷವಾ?

ಪಾಯಸದ ತಪ್ಪಿಲ್ಲ. ಹೊಟ್ಟೆ ಪೂರ್ತಿ ಹಿಗ್ಗಿದಾಗ ಸೀನು ಬರುವವರು ಇದ್ದಾರೆ. ಇದೂ ವಂಶದಲ್ಲಿ ಬರುವ ಗುಣ ಎಂದು ವೈದ್ಯಕೀಯದಲ್ಲಿ ದಾಖಲಾಗಿದೆ. ಖಾರದ ಊಟಕ್ಕೆ ಮೂಗು ಸೋರುವುದು ಬೇರೆ ವಿಷಯ, ಅದು ಖಾರ ನರವನ್ನು ಕೆಣಕುವುದರಿಂದ ಆಗುವುದು.

## ತಡೆಯುವುದು, ತಾಳಿಕೊಳ್ಳುವುದು

ಮದುವೆ ಮಂಟಪದಲ್ಲೋ ಸಭೆಯಲ್ಲೋ ಮೂಗು ಬಾಯಿ ಮುಚ್ಚಿ ಸೀನು ನುಂಗಿಬಿಟ್ಟರೆ ಏನಾಗತ್ತೆ?

ಬಹಳಷ್ಟು ಸಲ ಏನೂ ಆಗುವುದಿಲ್ಲ. ಆದರೆ ಆದಾಗ ಕೆಟ್ಟದಾಗಿ ಆಗುತ್ತದೆ. ಸೀನು ಹೊರಟ ಮೇಲೆ ಎರಡೂ ದಾರಿ ಮುಚ್ಚಿದರೆ ಒಳಗಿನ ಒತ್ತಡ ಸಾಮಾನ್ಯ ಸೀನಿಗಿಂತ 20 ಪಟ್ಟಿನವರೆಗೂ ಏರಬಹುದು. ಆ ಗಾಳಿ ದಾರಿ ಹುಡುಕುತ್ತದೆ. ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ಕೊಳವೆಯಲ್ಲಿ ನುಗ್ಗಿ ತಮಟೆಗೆ ಪೆಟ್ಟು ಕೊಡಬಹುದು.

2018ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಿಂದ ಬಂದ ಒಂದು ವರದಿ ನೋಡಿ. 34 ವರ್ಷದ ಆರೋಗ್ಯವಂತ ಮನುಷ್ಯ ಮೂಗು ಹಿಡಿದು ಬಾಯಿ ಮುಚ್ಚಿ ಸೀನು ತಡೆದ. ಗಂಟಲಿನ ಹಿಂಭಾಗ ಹರಿಯಿತು. ಕುತ್ತಿಗೆ ಊದಿ, ಮುಟ್ಟಿದರೆ ಚರ್ಮದೊಳಗೆ ಚರಚರ ಅನ್ನುತ್ತಿತ್ತು. ನುಂಗಲು ಆಗುತ್ತಿರಲಿಲ್ಲ, ಮೂಗಿನ ನಳಿಗೆಯಿಂದ ಊಟ ಕೊಡಬೇಕಾಯಿತು. 2023ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ಕಾರು ಓಡಿಸುತ್ತಿದ್ದವನೊಬ್ಬ ಹೀಗೇ ಮಾಡಿದಾಗ ಶ್ವಾಸನಾಳದಲ್ಲಿ 2 ಮಿಲಿಮೀಟರಿನ ತೂತಾಗಿತ್ತು. ಇಬ್ಬರೂ ಉಳಿದರು.

ನಮ್ಮ ಆಯುರ್ವೇದದ ಚರಕ ಸಂಹಿತೆ ತಡೆಯಬಾರದ 13 ವೇಗಗಳನ್ನು, ಅಂದರೆ ಮೈಯ ಸಹಜ ಒತ್ತಡಗಳನ್ನು, ಹೇಳುತ್ತದೆ. ಅದರಲ್ಲಿ ಸೀನೂ ಒಂದು. ತಡೆದರೆ ಕುತ್ತಿಗೆ ಹಿಡಿಯುತ್ತದೆ, ತಲೆನೋವು ಬರುತ್ತದೆ ಎಂಬ ಎಚ್ಚರಿಕೆಯೂ ಅಲ್ಲಿದೆ. ಸಭೆಯಲ್ಲಿ ನಾಚಿಕೆ ಆಗುತ್ತದೆ ಅಂತ ಮೈಗೆ ಶಿಕ್ಷೆ ಕೊಡಬೇಡಿ. ತಿರುಗಿ, ಮೊಣಕೈ ಮಡಿಕೆಗೆ ಮುಖ ಇಟ್ಟು ಸೀನಿ.

ಹಾಗಾದ್ರೆ ಬರೋ ಮೊದಲೇ ಅಡಗಿಸೋಕೆ ದಾರಿ ಇದೆಯಾ?

ಇದೆ, ಇದರಲ್ಲಿ ಅಪಾಯವೂ ಇಲ್ಲ. ಕಚಗುಳಿ ಶುರುವಾದ ಕೂಡಲೇ ಮೂಗಿನ ಬುಡಕ್ಕೂ ಮೇಲ್ದುಟಿಗೂ ನಡುವಿನ ಜಾಗವನ್ನು ಬೆರಳಿಂದ ಒತ್ತಿ ಹಿಡಿಯಿರಿ. ಅಥವಾ ನಾಲಿಗೆಯ ತುದಿಯನ್ನು ಅಂಗುಳಕ್ಕೆ ಒತ್ತಿ. ಅಲ್ಲಿಯ ಸ್ಪರ್ಶದ ಸುದ್ದಿ ಹೋಗುವುದೂ ಅದೇ ನರದಲ್ಲಿ, ಹಾಗಾಗಿ ಸೀನಿನ ಸುದ್ದಿ ಮಸುಕಾಗುತ್ತದೆ. ಎಲ್ಲರಿಗೂ ಪ್ರತಿಸಲ ಫಲಿಸುವುದಿಲ್ಲ. ಉಸಿರು ಪೂರ್ತಿ ಎಳೆದಾಗಿದ್ದರೆ ಹೊತ್ತು ಮೀರಿತು, ಬಿಟ್ಟುಬಿಡಿ.

ಹೇಳೋಕೆ ನಾಚಿಕೆ. ಎರಡನೇ ಹೆರಿಗೆ ಆದ ಮೇಲೆ ಸೀನಿದರೆ ಮೂತ್ರ ಸೋರತ್ತೆ.

ಅಕ್ಕಾ, ನಾಚಿಕೆ ಬೇಡ. ಎಷ್ಟೋ ಹೆಂಗಸರಿಗೆ ಇದೆ, ಹೇಳಿಕೊಳ್ಳುವವರು ಕಮ್ಮಿ. ಸೀನಿದಾಗ ಹೊಟ್ಟೆಯ ಒತ್ತಡ ಮೂತ್ರಚೀಲದ ಮೇಲೂ ಬೀಳುತ್ತದೆ. ಅದನ್ನು ಕೆಳಗಿನಿಂದ ಹಿಡಿದುಕೊಳ್ಳುವ ಸ್ನಾಯುಗಳು ಹೆರಿಗೆಯಲ್ಲಿ ಸಡಿಲಾಗಿರುತ್ತವೆ. ವ್ಯಾಯಾಮದಿಂದ ಅವನ್ನು ಗಟ್ಟಿ ಮಾಡಬಹುದು. ಮೂತ್ರ ತಡೆಯುವಾಗ ಬಿಗಿಯುತ್ತೇವಲ್ಲ, ಅದೇ ಸ್ನಾಯುವನ್ನು ಬಿಗಿದು ಕೆಲವು ಸೆಕೆಂಡು ಹಿಡಿದು ಬಿಡಿ. ಒಂದು ಸಲಕ್ಕೆ 8, ದಿನಕ್ಕೆ 3 ಸಲ, ಕಡಿಮೆ ಅಂದರೂ 3 ತಿಂಗಳು. ಹಾಲು ಕರೆಯುವಾಗ, ಬಸ್ಸಲ್ಲಿ ಕೂತಾಗ, ಎಲ್ಲಿ ಬೇಕಾದರೂ ಮಾಡಬಹುದು, ಯಾರಿಗೂ ತಿಳಿಯುವುದಿಲ್ಲ. ಸೀನು ಬರುತ್ತಿದೆ ಅನ್ನಿಸಿದ ಕ್ಷಣಕ್ಕೇ ಆ ಸ್ನಾಯು ಬಿಗಿದರೆ ಅವತ್ತಿನಿಂದಲೇ ಸೋರಿಕೆ ಕಡಿಮೆಯಾಗುತ್ತದೆ. ಮೂರು ತಿಂಗಳಾದರೂ ಗುಣ ಕಾಣದಿದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ. ಇದಕ್ಕೆ ಚಿಕಿತ್ಸೆ ಇದೆ. "ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ" ಅಂತ ಯಾರಾದರೂ ಅಂದರೆ ಕೇಳಬೇಡಿ.

ಸೀನಿದ ಹೊಡೆತಕ್ಕೆ ಬೆನ್ನು ಹಿಡಿದುಬಿಡತ್ತೆ.

ಬಾಗಿ, ಒಂದು ಕಡೆ ತಿರುಗಿ ಸೀನಿದಾಗ ಸೊಂಟದ ಡಿಸ್ಕಿನ ಮೇಲೆ ಭಾರ ಜಾಸ್ತಿ. ನಿಂತಿದ್ದರೆ ನೆಟ್ಟಗೆ ನಿಂತು, ಕೈಯನ್ನು ಮೇಜಿಗೋ ಗೋಡೆಗೋ ಊರಿ, ಮಂಡಿ ಸ್ವಲ್ಪ ಮಡಿಸಿ. ಸೀನಿದ ಮೇಲೆ ಕಾಲಿಗೆ ನೋವು ಇಳಿದರೆ ಅಥವಾ ಕಾಲು ಜೋಮು ಹಿಡಿದರೆ ತೋರಿಸಿ. ಸಿಸೇರಿಯನ್ ಆದವರು, ಹೊಟ್ಟೆ ಆಪರೇಷನ್ ಆದವರು ಗಾಯದ ಮೇಲೆ ದಿಂಬು ಒತ್ತಿ ಹಿಡಿದು ಸೀನಿದರೆ ನೋವು ಕಡಿಮೆ.

ಬಸುರಿ ಜೋರಾಗಿ ಸೀನಿದರೆ ಮಗುವಿಗೆ ಪೆಟ್ಟಾಗತ್ತಾ?

ಆಗುವುದಿಲ್ಲ. ಮಗು ನೀರಿನ ಚೀಲದೊಳಗೆ ಬೆಚ್ಚಗಿದೆ. ಸೀನಿದಾಗ ತೊಡೆಯ ಸಂದಿನಲ್ಲಿ ಚುಳ್ ಅನ್ನುವುದು ಗರ್ಭಕೋಶವನ್ನು ಹಿಡಿದಿರುವ ಹುರಿಗಳು ಎಳೆದುಕೊಳ್ಳುವುದರಿಂದ. ಬಸುರಿನಲ್ಲಿ ಮೂಗಿನ ಪದರ ಊದಿಕೊಂಡು ಸೀನು ಹೆಚ್ಚುವುದೂ ಸಾಮಾನ್ಯ.

ಎಳೆ ಮಗು ದಿನಾ ಸೀನತ್ತೆ. ಎಣ್ಣೆ ನೀರು ಹಾಕುವಾಗ ಮೂಗಿಗೆ ಎರಡು ಹನಿ ಎಣ್ಣೆ ಬಿಡಲಾ?

ಬಿಡಬೇಡಿ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಎಣ್ಣೆ ಮಗುವಿನ ಶ್ವಾಸಕೋಶಕ್ಕೆ ಇಳಿದರೆ ಬೇಗ ಹೋಗುವುದಿಲ್ಲ, ಅದರಿಂದ ನ್ಯುಮೋನಿಯಾ ಆಗುತ್ತದೆ. ಎಳೆ ಮಗುವಿಗೆ ಮೂಗು ಸೀಟಿಕೊಳ್ಳಲು ಬರುವುದಿಲ್ಲ, ಸೀನಿಯೇ ಅದು ಮೂಗು ಚೊಕ್ಕ ಮಾಡಿಕೊಳ್ಳುವುದು. ಹಾಲು ಕುಡಿಯುತ್ತಾ ಆಡಿಕೊಂಡಿದ್ದರೆ ಚಿಂತೆ ಇಲ್ಲ. ಸ್ನಾನವಾದ ಮೇಲೆ ಹಾಕುವ ಲೋಬಾನದ ಹೊಗೆಯೂ ಮೂಗನ್ನು ಕೆಣಕುತ್ತದೆ, ಅದನ್ನು ಬಿಟ್ಟು ನೋಡಿ.

ಗಾಡಿ ಓಡಿಸುವಾಗ ಸೀನು ಬಂದರೆ?

60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು ಓಡುತ್ತದೆ. ಕಣ್ಣು ಮುಚ್ಚಿದ ಆ ಹೊತ್ತು ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಯಾವುದೋ ಒಂದರಲ್ಲಿ ಬಂದರೆ ಹೇಗೆ? ಅದರಲ್ಲೂ ಕಾಡಿನ ನೆರಳಿಂದ ಬಿಸಿಲಿಗೆ ಹೊರಳುವ ಜಾಗದಲ್ಲಿ, ಬಿಸಿಲಿಗೆ ಸೀನುವವರಿಗೆ ಇದು ನಿಜವಾದ ಅಪಾಯ. ಕಚಗುಳಿ ಶುರುವಾದ ಕೂಡಲೇ ವೇಗ ಇಳಿಸಿ, ಎರಡೂ ಕೈ ಹ್ಯಾಂಡಲ್ ಮೇಲೇ ಇರಲಿ, ಮುಂದಿನ ಗಾಡಿಗೆ ದೂರ ಬಿಡಿ. ಆ ಹೊತ್ತಿಗೆ ಕರವಸ್ತ್ರ ಹುಡುಕುವುದು ಬೇಡ.

## ಹರಡುವುದರ ಬಗ್ಗೆ

ಸೀನು ಎಷ್ಟು ದೂರ, ಎಷ್ಟು ಜೋರಾಗಿ ಹೋಗತ್ತೆ?

ಗಂಟೆಗೆ 160 ಕಿಲೋಮೀಟರ್ ಎಂಬ ಹಳೆಯ ಲೆಕ್ಕ ಇನ್ನೂ ಓಡಾಡುತ್ತಿದೆ. 2013ರಲ್ಲಿ ಸಿಂಗಪುರದ ಸಂಶೋಧಕರು ಕ್ಯಾಮೆರಾದಲ್ಲಿ ಅಳೆದಾಗ ಸಿಕ್ಕ ಅತಿ ಹೆಚ್ಚಿನ ವೇಗ ಸೆಕೆಂಡಿಗೆ 4.5 ಮೀಟರ್, ಅಂದರೆ ಗಂಟೆಗೆ ಸುಮಾರು 16 ಕಿಲೋಮೀಟರ್. ಬಾಯಿಯ ತುದಿಯಲ್ಲೇ ಅಳೆದ ಬೇರೆ ಪ್ರಯೋಗಗಳಲ್ಲಿ ಇದಕ್ಕಿಂತ ಜಾಸ್ತಿ ಸಿಕ್ಕಿದೆ. ವೇಗಕ್ಕಿಂತ ದೂರ ಮುಖ್ಯ. ಅಮೆರಿಕದ ಎಂಐಟಿಯಲ್ಲಿ ಲಿಡಿಯಾ ಬುರೂಯಿಬಾ ಸೀನನ್ನು ವೇಗದ ಕ್ಯಾಮೆರಾದಲ್ಲಿ ಹಿಡಿದು ನೋಡಿದ್ದಾರೆ. ದೊಡ್ಡ ಹನಿಗಳು ಹತ್ತಿರವೇ ಬೀಳುತ್ತವೆ. ಸಣ್ಣವು ಬಿಸಿ ತೇವದ ಗಾಳಿಯ ಮೋಡದೊಳಗೆ ಸೇರಿ 7–8 ಮೀಟರ್ ತನಕ ಹೋಗಬಲ್ಲವು. ಮಳೆಗೆ ಕಿಟಕಿ ಎಲ್ಲ ಮುಚ್ಚಿದ ಬಸ್ಸಿನಲ್ಲಿ ಮುಂದೆ ಕೂತವರ ಸೀನು ಹಿಂದಿನ ಸೀಟಿನ ತನಕ ಬರುವುದು ಹೀಗೆ. ಅಂಗೈಗೆ ಸೀನಬೇಡಿ, ಅದೇ ಕೈಯಲ್ಲಿ ಕಂಬಿ ಹಿಡಿಯುತ್ತೀರಿ. ಮೊಣಕೈ ಮಡಿಕೆ ಅಥವಾ ಕರವಸ್ತ್ರ ಒಳ್ಳೆಯದು. ಕಿಟಕಿ ಒಂದು ಗೇಣು ತೆರೆದರೂ ಉಪಕಾರ.

ಮಂಗನ ಕಾಯಿಲೆ ಇದ್ದವರು ಸೀನಿದರೆ ನಮಗೂ ಹರಡತ್ತಾ?

ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಕಾಯಿಲೆ ಹರಡುವುದು ಉಣುಗು ಕಚ್ಚುವುದರಿಂದ. ಮನುಷ್ಯರಿಂದ ಮನುಷ್ಯರಿಗೆ ಸೀನಿನಲ್ಲಿ ಹೋಗುವುದಿಲ್ಲ. ಒಮ್ಮೆಲೇ ಜೋರು ಜ್ವರ, ತಲೆನೋವು, ವಿಪರೀತ ಮೈಕೈ ನೋವು ಇದರ ಲಕ್ಷಣ. ಕಾಡಿಗೆ, ಸೊಪ್ಪಿಗೆ, ದರಗಿಗೆ ಹೋಗಿ ಬಂದವರಿಗೆ ಹೀಗಾದರೆ ನೆಗಡಿ ಅಂತ ಮನೆಯಲ್ಲಿ ಕೂರಬೇಡಿ. ಕಾಯಿಲೆ ಇರುವ ಮನೆಯವರನ್ನು ದೂರ ಇಡುವ ಅಗತ್ಯವೂ ಇಲ್ಲ.

ಸೀನಿಗೆ ಡಾಕ್ಟರ ಹತ್ತಿರ ಹೋಗೋದು ಯಾವಾಗ?

ಸೀನು, ಮೂಗು ಕಟ್ಟುವುದರಿಂದ ನಿದ್ದೆ ಅಥವಾ ಕೆಲಸ ಕೆಡುತ್ತಿದ್ದರೆ, ಎದೆಯಲ್ಲಿ ಸುಂಯ್ ಅಂದರೆ, ಮುಖದ ನೋವು ಜ್ವರ ಹತ್ತು ದಿನ ದಾಟಿದರೆ ಹೋಗಿ. ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಬರುತ್ತಿದ್ದರೆ ಒಳಗೆ ಹುಣಸೆ ಬೀಜವೋ ಮಣಿಯೋ ಸಿಕ್ಕಿರಬಹುದು, ಮನೆಯಲ್ಲಿ ಕೆದಕಬೇಡಿ. ತಲೆಗೆ ಪೆಟ್ಟಾದ ಮೇಲೆ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ, ಸೀನಿದ ಕೂಡಲೇ ಸಿಡಿಲು ಬಡಿದ ಹಾಗೆ ತಲೆನೋವು ಬಂದರೆ, ಕುತ್ತಿಗೆ ಊದಿಕೊಂಡರೆ ತಡಮಾಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗ ಇದೆ. ಮೂಗು ತೊಳೆಯಲು ಉಪ್ಪುನೀರು ಬಳಸುವವರಿಗೆ ಒಂದು ಮಾತು. ಬಾವಿ ನೀರು, ಅಬ್ಬಿ ನೀರು ಎಷ್ಟು ತಿಳಿಯಾಗಿ ಕಂಡರೂ ಕುದಿಸಿ ಆರಿಸಿಯೇ ಬಳಸಿ. ಕುದಿಸದ ನೀರಿನಲ್ಲಿರುವ ಒಂದು ಅಮೀಬಾ ಮೂಗಿನಿಂದ ಮಿದುಳಿಗೆ ಹೋಗಿ ಜೀವಕ್ಕೇ ಕುತ್ತು ತರಬಲ್ಲದು.

## ಇನ್ನೂ ಆಳಕ್ಕೆ

ಸೀನಬೇಕೋ ಕೆಮ್ಮಬೇಕೋ ಅಂತ ಮಿದುಳಿಗೆ ಹೇಗೆ ಗೊತ್ತಾಗತ್ತೆ?

ಸುದ್ದಿ ಎಲ್ಲಿಂದ ಬಂತು, ಯಾವ ನರಕೋಶದಿಂದ ಬಂತು ಎಂಬುದರಿಂದ. ಕೆಮ್ಮಿನ ಸುದ್ದಿ ಗಂಟಲು, ಶ್ವಾಸನಾಳದಿಂದ ವೇಗಸ್ ನರದಲ್ಲಿ ಬರುತ್ತದೆ. ಸೀನಿನದ್ದು ಮೂಗಿನಿಂದ ಬರುತ್ತದೆ. 2021ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಇಲಿಗಳಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಮೂಗಿನ ಕೆಲವು ನರಕೋಶಗಳು ನ್ಯೂರೋಮೆಡಿನ್ ಬಿ ಎಂಬ ಸಣ್ಣ ಪ್ರೋಟೀನ್ ತುಣುಕನ್ನು ಬಿಟ್ಟು ಮಿದುಳಿನ ಕಾಂಡಕ್ಕೆ ಸುದ್ದಿ ಮುಟ್ಟಿಸುತ್ತವೆ ಎಂದು ತೋರಿಸಿತು. ಆ ತುಣುಕನ್ನು ಹಿಡಿದುಕೊಳ್ಳುವ ಕೋಶಗಳನ್ನು ಇಲ್ಲವಾಗಿಸಿದಾಗ ಇಲಿಗಳ ಸೀನು ತೀರಾ ಕಡಿಮೆಯಾಯಿತು. ಮನುಷ್ಯರಲ್ಲೂ ಹೀಗೇ ಎಂದಾದರೆ ಮುಂದೆ ಮಂಪರು ಬರಿಸದ ಮದ್ದಿಗೆ ದಾರಿಯಾಗಬಹುದು. ನನಗಂತೂ ಅದರ ಮೇಲೆ ಆಸೆ ಇದೆ.

ಸೀನಿದ ಮೇಲೆ ಮೂಗು ಹಗುರ ಅನ್ನಿಸತ್ತಲ್ಲ, ಒಳಗೆ ಏನಾಗಿರತ್ತೆ?

ಮೂಗಿನ ಒಳಪದರದ ಮೇಲೆ ಕಣ್ಣಿಗೆ ಕಾಣದ ಕೂದಲುಗಳಿವೆ. ಅವು ಒಂದೇ ಸಮ ಬಡಿಯುತ್ತಾ ಸಿಂಬಳವನ್ನು, ಅದರಲ್ಲಿ ಸಿಕ್ಕಿಬಿದ್ದ ಕಸವನ್ನು ಗಂಟಲ ಕಡೆಗೆ ಸಾಗಿಸುತ್ತವೆ. 2012ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಪ್ರಯೋಗಶಾಲೆಯಲ್ಲಿ ಬೆಳೆಸಿದ ಮೂಗಿನ ಕೋಶಗಳಿಗೆ ಸೀನಿನಂಥ ಗಾಳಿಯ ಒತ್ತಡ ಕೊಟ್ಟರು. ಕೂದಲುಗಳ ಬಡಿತ ಚುರುಕಾಯಿತು. ಬಹುಕಾಲದ ಸೈನಸ್ ತೊಂದರೆ ಇದ್ದವರ ಕೋಶಗಳಲ್ಲಿ ಆ ಚುರುಕು ಅಷ್ಟಾಗಿ ಕಾಣಲಿಲ್ಲ. ಸೈನಸ್ ಇರುವವರು ಎಷ್ಟು ಸೀನಿದರೂ ಸಮಾಧಾನ ಇಲ್ಲ ಅನ್ನುವುದಕ್ಕೆ ಇದೊಂದು ಕಾರಣ ಇರಬಹುದು.

ಪ್ರಾಣಿಗಳ ಸೀನಿಗೂ ಇದೇ ಕಾರಣನಾ?

ಹೆಚ್ಚಿನವಕ್ಕೆ ಇದೇ. ಆದರೆ ಕೆಲವು ಪ್ರಾಣಿಗಳು ಸೀನನ್ನು ಬೇರೆ ಕೆಲಸಕ್ಕೂ ಬಳಸುತ್ತವೆ. ನಿಮ್ಮ ಮನೆಯ ನಾಯಿ ಆಟದ ಹುಮ್ಮಸ್ಸಿನಲ್ಲಿ ಸುಮ್ನೆ ಸೀನುವುದನ್ನು ನೋಡಿರುತ್ತೀರಿ, ಅಲ್ವಾ? ಗಲಾಪಗೋಸ್ ದ್ವೀಪಗಳ ಕಡಲ ಓತಿಗಳು ಮೈಯಲ್ಲಿ ಹೆಚ್ಚಾದ ಉಪ್ಪನ್ನು ಸೀನಿ ಹೊರಹಾಕುತ್ತವೆ. ಬೋಟ್ಸ್‌ವಾನಾದ ಕಾಡುನಾಯಿಗಳ ಗುಂಪು ಬೇಟೆಗೆ ಹೊರಡುವ ಮೊದಲು ಸೀನುತ್ತದೆ. ಸೀನುಗಳು ಜಾಸ್ತಿಯಾದಷ್ಟೂ ಗುಂಪು ಹೊರಡುವ ಸಾಧ್ಯತೆ ಜಾಸ್ತಿ ಎಂದು 2017ರ ಅಧ್ಯಯನ ಹೇಳಿತು.

ಸೀನೇ ಬರದ ಮನುಷ್ಯರು ಇರ್ತಾರಾ?

ಅಪರೂಪಕ್ಕೆ ಇರುತ್ತಾರೆ. ಮೆಡುಲ್ಲಾದ ಪಕ್ಕದ ಭಾಗಕ್ಕೆ ರಕ್ತ ನಿಂತು ಪಾರ್ಶ್ವವಾಯು ಆದ ಕೆಲವರಿಗೆ ಸೀನುವ ಶಕ್ತಿಯೇ ಹೋಗಿದ್ದು ವೈದ್ಯರ ವರದಿಗಳಲ್ಲಿದೆ. ಮೂಗಿಗೆ ಕಚಗುಳಿ ಆಗುತ್ತದೆ, ಸೀನು ಮಾತ್ರ ಹೊರಡುವುದಿಲ್ಲ. ಮನುಷ್ಯರ ಸೀನಿನ ಜಾಗ ಮಿದುಳಿನಲ್ಲಿ ಎಲ್ಲಿದೆ ಎಂದು ತಿಳಿಯಲು ಇಂಥ ರೋಗಿಗಳಿಂದ ತುಂಬಾ ಸಹಾಯವಾಗಿದೆ. ಇದಕ್ಕೆ ಪೂರಾ ಉಲ್ಟಾ ಇನ್ನೊಂದು ತುದಿಯೂ ಇದೆ. 1981ರ ಜನವರಿಯಲ್ಲಿ ಇಂಗ್ಲೆಂಡಿನ ಒಬ್ಬ ಬಾಲಕಿಗೆ ಶುರುವಾದ ಸೀನು ಸತತ 976 ದಿನ ನಡೆದು, ಸೀನಿಲ್ಲದ ಮೊದಲ ದಿನ ಬಂದದ್ದು 1983ರ ಸೆಪ್ಟೆಂಬರಿನಲ್ಲಿ.